ಬೆಲ್ಟಿನ ಮೇಲಿನ ಗೆರೆ

"ಮಗೂನ ಅವರ ಅಮ್ಮನ ಜೊತೆ ಮಾತ್ರ ಕಳಿಸೋದು. ನೀವ್ಯಾರು?" ಎಂದ ಶಾಲೆಯ ಕಾವಲುಗಾರ.

"ನಾನೇ ಅವಳ ಅಮ್ಮ."

"ಅವಳ ಅಮ್ಮ ಕಾರಲ್ಲಿ ಬರ್ತಾರಲ್ಲ!"

ಕಾರಲ್ಲಿ ಬರುವವಳು ನನ್ನ ತಂಗಿ. ಅವಳ ಆಫೀಸಿನ ದಾರಿಯಲ್ಲೇ ಶಾಲೆ. ಬಸ್ಸಿನ ನೂಕುನುಗ್ಗಲಲ್ಲಿ ಮಗು ನಲುಗುತ್ತಾಳೆಂದು ತಾನೇ ಬಿಟ್ಟು ಕರೆತರುತ್ತಿದ್ದಳು. ಉಪಕಾರವೇ, ಇಲ್ಲವೆನ್ನಲಾರೆ. ಆದರೆ ಪುಟ್ಟಿಯ ಬಾಯಲ್ಲಿ ಊಟಕ್ಕೆ ಕೂತರೂ ಚಿಕ್ಕಮ್ಮ, ಜಡೆ ಹಾಕಲು ಕೂರಿಸಿಕೊಂಡರೂ ಚಿಕ್ಕಮ್ಮ. "ಚಿಕ್ಕಮ್ಮ ಆದ್ರೆ ಇಷ್ಟು ಬಿಗಿಯಾಗಿ ಎಳೆಯಲ್ಲಮ್ಮ." ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು ನಾನು. ಅಮ್ಮನೆಂಬ ಹೆಸರು ಸ್ಟೀರಿಂಗ್ ಹಿಡಿದವಳಿಗೆ! ನನ್ನ ಹೊಟ್ಟೆಯೊಳಗೆ ಸೌದೆಯಿಲ್ಲದ ಒಲೆಯೊಂದು ಉರಿಯತೊಡಗಿತು.

"ನಾವೂ ಒಂದು ಕಾರು ತಗೊಳ್ಳೋಣ. ಹಳೇದಾದ್ರೂ ಸರಿ, ನಾನೇ ಓಡಿಸ್ತೀನಿ," ಎಂದೆ ಇವರಿಗೆ.

"ನಿನ್ನ ಲೈಸೆನ್ಸು ಬೀರುವಿಂದ ಆಚೆ ಬಂದಿದ್ದು ಯಾವಾಗ?"

"ಈಗ ಬರುತ್ತೆ ನೋಡಿ."

ಸುದ್ದಿ ಕೇಳಿದ ತಂಗಿ ಫೋನು ಮಾಡಿದಳು. "ಅಕ್ಕಾ, ಗಾಡಿ ನೋಡೋಕೆ ಮುಂಚೆ ತಿಳಿಸದೆ ಹೋಗು, ಎಂಜಿನ್ ತಣ್ಣಗಿರ್ಬೇಕು. ಮೊದಲೇ ಬಿಸಿ ಮಾಡಿಟ್ರೆ ಸ್ಟಾರ್ಟ್ ಆಗೋ ತೊಂದರೆ ಗೊತ್ತಾಗಲ್ಲ. ಕಾಗದಪತ್ರ ಯಾರ ಹೆಸರಲ್ಲಿದೆ ನೋಡು. ಮೆಕ್ಯಾನಿಕ್‌ನ ಕರ್ಕೊಂಡು ಹೋಗು. ನಾನೂ ಬರ್ಲಾ?"

"ಬೇಡಮ್ಮ, ನಿನಗ್ಯಾಕೆ ತೊಂದರೆ," ಎಂದೆ, ಆದಷ್ಟೂ ಸಿಹಿಯಾಗಿ.

ಅವಳು ಹೇಳಿದ್ದನ್ನು ಕೇಳಬಾರದೆಂದೇ ಹಳೇ ಕಾರು ಮಾರಿಸುವ ದಲ್ಲಾಳಿಯೊಬ್ಬನಿಗೆ ಫೋನು ಮಾಡಿ, ಬರುವ ಹೊತ್ತು ತಿಳಿಸಿ ಹೋದೆ. ಮೆಕ್ಯಾನಿಕ್ಕನ್ನು ಕರೆಯಲಿಲ್ಲ. ನಮಗೆ ಗೊತ್ತಿದ್ದ ಒಬ್ಬನೇ ಮೆಕ್ಯಾನಿಕ್ ಅವಳ ಕಾರು ನೋಡುವವನು.

ತಗಡಿನ ಶೆಡ್ಡಿನ ಕೆಳಗೆ ತಿಳಿನೀಲಿ ಕಾರು ಮದುಮಗಳ ಹಾಗೆ ನಿಂತಿತ್ತು. ತಂಗಿಯದಕ್ಕಿಂತ ಒಂದು ಗೇಣು ಉದ್ದ! ಬಾನೆಟ್ ಬೆಚ್ಚಗಿತ್ತು. ಬಿಸಿಲಿರಬೇಕು ಎಂದುಕೊಂಡೆ, ಶೆಡ್ಡಿನ ನೆರಳಲ್ಲೇ ನಿಂತುಕೊಂಡು. ಒಳಗೆ ಅತ್ತರಿನ ಅಂಗಡಿ ಮಗುಚಿದಂಥ ಪರಿಮಳ.

"ಒಬ್ರು ಟೀಚರಮ್ಮನ ಗಾಡಿ ಮೇಡಂ. ಮನೆಯಿಂದ ಶಾಲೆ, ಶಾಲೆಯಿಂದ ಮನೆ, ಅಷ್ಟೇ ಓಡಿರೋದು," ಎಂದ ದಲ್ಲಾಳಿ.

"ಎಲ್ಲಾ ಹಳೇ ಗಾಡೀನೂ ಟೀಚರಮ್ಮಂದೇ ಇರುತ್ತಲ್ಲಾ!" ಇವರು ನಕ್ಕರು.

ಪುಟ್ಟಿ ಹಿಂದಿನ ಸೀಟಿಗೆ ಹಾರಿ ಕೂತಳು. ನಾನು ಅವಳಿಗೆ ಬೆಲ್ಟು ಹಾಕಿದೆ.

"ಹಾಗಲ್ಲಮ್ಮ. ಚಿಕ್ಕಮ್ಮ ಇನ್ನೂ ಉದ್ದ ಎಳೆದು ಆಮೇಲೆ ಹಾಕ್ತಾರೆ."

ಇಲ್ಲೂ ಅವಳೇ. ಹಲ್ಲು ಕಚ್ಚಿ, ಬೆಲ್ಟು ಬಿಚ್ಚಿ ಅದು ಮುಗಿಯುವ ತನಕ ಎಳೆದೆ. ಅದರ ತುದಿಯಲ್ಲಿ, ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಭಾಗದಲ್ಲಿ, ಕಂದು ಬಣ್ಣದ ಗೆರೆಯೊಂದು ಅಡ್ಡಲಾಗಿತ್ತು. ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದೆ, ಹೋಗಲಿಲ್ಲ. ಕೆಸರು ನೀರಲ್ಲಿ ನೆನೆದು ಹಾಗೇ ಒಣಗಿದ ಬಟ್ಟೆಯ ಗೆರೆ ನನಗೆ ಗೊತ್ತಿಲ್ಲದ್ದಲ್ಲ. ಪಕ್ಕದ ಬೆಲ್ಟು ಎಳೆದೆ. ಅದೇ ಎತ್ತರ, ಅದೇ ಗೆರೆ. ಈ ಕಾರು ಎಂದೋ ಸೀಟಿನ ಮಟ್ಟದವರೆಗೆ ನೆರೆ ನೀರಲ್ಲಿ ನಿಂತಿತ್ತು.

ಬೆಲ್ಟುಗಳನ್ನು ಕೈಬಿಟ್ಟೆ. ಸರ್ರನೆ ಒಳಗೆ ಹೋದವು. ನೋಡಿದವರು ಯಾರೂ ಇಲ್ಲ.

"ಹೇಗಿದೆ? ಮುಂಗಡ ಕೊಟ್ಟುಬಿಡ್ಲಾ?" ಇವರು ಕಿಟಕಿಯಲ್ಲಿ ಬಗ್ಗಿದರು.

ಪುಟ್ಟಿ ನನ್ನ ಸೆರಗು ಹಿಡಿದಳು. "ಅಮ್ಮಾ, ನಾಳೆಯಿಂದ ನೀನೇ ಬಿಡ್ತೀಯಾ? ಚಿಕ್ಕಮ್ಮ ಬೇಡ್ವಾ?"

ಎಷ್ಟು ದಿನದಿಂದ ಈ ಮಾತಿಗೆ ಕಿವಿ ತೆರೆದು ಕೂತಿದ್ದೆ! ಹೂಂ ಅಂದರೆ ಮುಗಿಯಿತು. ಆದರೆ ನೀರು ಕುಡಿದ ಗಾಡಿ ಯಾವ ತಿರುವಿನಲ್ಲಿ ಕೈಕೊಡುತ್ತದೋ. ಆಗ ಹಿಂದಿನ ಸೀಟಿನಲ್ಲಿರುವವಳು ಇವಳೇ.

"ಇಲ್ಲ ಪುಟ್ಟೀ, ಇಳಿ," ಎಂದೆ. ಮತ್ತೆ ಬೆಲ್ಟು ಎಳೆದು ಇವರಿಗೆ ತೋರಿಸಿದೆ.

"ಅಯ್ಯೋ ಮೇಡಂ, ಮಕ್ಕಳು ಚಾಕಲೇಟ್ ಮೆತ್ತಿರ್ತಾರೆ," ಎಂದ ದಲ್ಲಾಳಿ.

"ಎರಡೂ ಬೆಲ್ಟಿಗೆ ಸ್ಕೇಲ್ ಇಟ್ಟು ಮೆತ್ತಿದ್ರಾ? ಟೀಚರಮ್ಮನ ಮಕ್ಕಳು, ಇರಬಹುದು ಬಿಡಿ," ಎಂದೆ.

ಅವನು ಫೋನು ಬಂತೆಂದು ಆಚೆ ಹೋದ. ಫೋನು ಮಾತ್ರ ರಿಂಗಾಗಿರಲಿಲ್ಲ.

ಮನೆಗೆ ಬಂದು, ತರಕಾರಿ ಹೆಚ್ಚುತ್ತಾ ತಂಗಿಗೆ ಫೋನು ಮಾಡಿದೆ. ಬೆಲ್ಟಿನ ಕತೆ ಕೇಳಿ, "ಭಲೇ ಅಕ್ಕಾ! ಇದು ನನಗೂ ಗೊತ್ತಿರಲಿಲ್ಲ," ಎಂದಳು. ಆ ಮಾತನ್ನು ಇನ್ನೊಂದು ಸಲ ಹೇಳಿಸೋಣವೆನ್ನಿಸಿತು. ಬದಲಿಗೆ, "ಬರೋ ಭಾನುವಾರ ಬೇರೆ ಗಾಡಿ ನೋಡೋಣ ಅಂತ. ನೀನೂ ಬಾ," ಎಂದೆ.



"ಅಂದ್ರೆ, ಪುಟ್ಟೀನ ನನ್ನ ಕೈಯಿಂದ ಬಿಡಿಸ್ಕೊಳ್ಳೋಕೆ ನಾನೇ ಸಹಾಯ ಮಾಡ್ಬೇಕು?" ಎಂದಳು ತಂಗಿ.

ನಾನು ಬಚ್ಚಿಟ್ಟಿದ್ದೇನೆಂದುಕೊಂಡದ್ದು ಅವಳಿಗೆ ಎಂದೋ ತಿಳಿದಿತ್ತು.

"ಹೂಂ ಕಣೇ," ಎಂದೆ. "ಮೆಕ್ಯಾನಿಕ್ಕನ್ನೂ ಕರ್ಕೊಂಡು ಬಾ."