ಎರಡು ಗೇಣು ನಾಲ್ಕು ಬೆರಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ದೋಣಿ ನಿಲ್ಲುವ ದಕ್ಕೆಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ. ಮೂವತ್ತೆಂಟು ವರ್ಷದಿಂದ ನಮ್ಮವರ ಜೊತೆ ನಿಂತು ದೋಣಿಗಳನ್ನು ನೀರಿನಿಂದ ಮೇಲೆಳೆದವಳು ನಾನು. ದೋಣಿ ಎಳೆಯುವ ವಿಂಚಿನ ಹಿಡಿ ತಿರುಗಿಸುವವಳು ಮೆಲ್ಲಗೆ ಮಾತಾಡಿದರೆ ಸೊಂಟಮಟ್ಟ ನೀರಲ್ಲಿ ನಿಂತವರಿಗೆ ಕೇಳಿಸುತ್ತದೆಯೇ? ಗಾಳಿಯ ಕಾಲ ಶುರುವಾಗುವ ಮುಂಚೆ ಸರೋವರದ ದೋಣಿಗಳನ್ನೆಲ್ಲ ಗಾಡಿಯ ಹಿಂದಿನ ಟ್ರೇಲರಿಗೆ ಏರಿಸಿ ನಮ್ಮ ಶೆಡ್ಡಿಗೆ ತರುವುದು, ಗಾಳಿ ಇಳಿದ ಮೇಲೆ ಮತ್ತೆ ನೀರಿಗೆ ಬಿಡುವುದು, ಇದೇ ನಮ್ಮ ಕಸುಬು. ನಮ್ಮವರನ್ನು ಅಲ್ಲಿ ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು.

ದೋಣಿ ಏರಿಸುವುದು ಅಂದರೆ ಹಗ್ಗ ಕಟ್ಟಿ ಎಳೆದು ಕೂರಿಸಿದರೆ ಆಯಿತು ಎಂದುಕೊಂಡ ಬುದ್ಧಿವಂತರು ಬೇಕಾದಷ್ಟು ಜನ ಇದ್ದಾರೆ. ಅಂಥವರ ದೋಣಿಗಳೇ ತಳ ಒಡೆಸಿಕೊಂಡು ನಮ್ಮ ಹತ್ತಿರ ಬರುತ್ತವೆ. ನೀರಿನಲ್ಲಿರುವಷ್ಟು ಹೊತ್ತು ದೋಣಿಯ ಭಾರವನ್ನು ನೀರು ಎಲ್ಲ ಕಡೆಯಿಂದಲೂ ಹೊತ್ತಿರುತ್ತದೆ. ಟ್ರೇಲರಿನ ಮೇಲೆ ಹೊರುವುದು ಕಾರ್ಪೆಟ್ ಸುತ್ತಿದ ಎರಡೇ ಎರಡು ಮರದ ಪಟ್ಟಿಗಳು. ತಳದ ಒಳಗೆ ಉದ್ದಕ್ಕೂ ಓಡುವ ಗಟ್ಟಿ ಪಕ್ಕೆಗಳಿರುತ್ತವಲ್ಲ, ಪಟ್ಟಿಗಳು ಸರಿಯಾಗಿ ಅವುಗಳ ಕೆಳಗೇ ಬಂದು ಕೂರಬೇಕು. ಆಚೀಚೆ ಆಯಿತೋ, ಹಿಂದಿನ ಇಂಜಿನ್ನಿನ ಭಾರವೆಲ್ಲ ತೆಳ್ಳನೆಯ ಜಾಗದ ಮೇಲೆ ಬಿದ್ದು, ದೋಣಿ ನೀರು ಬಿಡುವ ಹೊತ್ತಿಗೇ ತಳ ಚಟ್ಟೆಂದು ಸೀಳುತ್ತದೆ. ಒಂದೊಂದು ದೋಣಿಗೂ ಪಟ್ಟಿಗಳ ಅಂತರ ಬೇರೆ. ನಮ್ಮವರು ಟೇಪು ಹಿಡಿದವರಲ್ಲ. ಗೇಣು ಹಾಕಿ, ಬೆರಳು ಇಟ್ಟು ಅಳೆಯುತ್ತಿದ್ದರು. ಇನ್ನೂರಕ್ಕೆ ಹತ್ತಿರ ದೋಣಿಗಳ ಅಳತೆ ಅವರ ತಲೆಯಲ್ಲೇ ಇತ್ತು. ಒಂದು ಚೀಟಿಯಲ್ಲಾದರೂ ಬರೆದಿಡಿ ಎಂದು ನಾನು ಬಡಕೊಂಡದ್ದು ಎಷ್ಟು ಸಲವೋ. "ಬರೆದ ಚೀಟಿ ಕಳೆದುಹೋಗುತ್ತೆ ಕಣೆ, ತಲೆ ಎಲ್ಲಿಗೆ ಹೋಗುತ್ತೆ?" ಎಂದು ನಗುತ್ತಿದ್ದರು.

ಎರಡು ವರ್ಷದ ಹಿಂದೆ ಆ ತಲೆಯೇ ಸ್ವಲ್ಪ ಸ್ವಲ್ಪವಾಗಿ ಹೋಗತೊಡಗಿತು. ಮೊದಲು ಸ್ಪ್ಯಾನರ್ ಇಟ್ಟ ಜಾಗ, ಆಮೇಲೆ ಜನರ ಹೆಸರು, ಆಮೇಲೆ ಮನೆಯ ದಾರಿ. ತಮಾಷೆ ಎಂದರೆ ಕೈಗೆ ಮಾತ್ರ ಏನೂ ಮರೆತಿರಲಿಲ್ಲ. ಬೋಲ್ಟಿನ ಮೇಲೆ ಬೆರಳು ಇಟ್ಟರೆ ಸಾಕು, ಮಿಕ್ಕಿದ್ದನ್ನು ಬೆರಳೇ ನೋಡಿಕೊಳ್ಳುತ್ತಿತ್ತು. "ಕೈಗೆ ಕೆಲಸ ಇರಲಿ ಅಮ್ಮಾ. ಕೆಲಸ ಬಿಡಿಸಿದ್ರೆ ಉಳಿದಿರೋದೂ ಬೇಗ ಹೋಗಿಬಿಡುತ್ತೆ," ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆ ಮಾತನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ಹಿಡಿದುಕೊಂಡಿದ್ದೆ. ಗಾಡಿ ಓಡಿಸುವುದನ್ನು ಅವರಿಂದ ಬಿಡಿಸಿ ನಾನೇ ಓಡಿಸತೊಡಗಿದೆ. ಟ್ರೇಲರ್ ಮಾತ್ರ ಅವರ ಕೈಯಲ್ಲೇ ಇರಲಿ ಎಂದು ಬಿಟ್ಟಿದ್ದೆ.

ಆದರೆ ಹೋದ ತಿಂಗಳು ಅವರು ಒಂದು ದೋಣಿಯನ್ನು ಟ್ರೇಲರಿಗೆ ಕಟ್ಟುವ ಬೆಲ್ಟ್ ಬಿಗಿಯುವುದನ್ನೇ ಮರೆತರು. ದೋಣಿ ದಕ್ಕೆಯಿಂದ ನೀರಿಗಿಳಿಯುವ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಪುಣ್ಯಕ್ಕೆ ನೀರಿಗೇ ಬಿತ್ತು, ಯಾರಿಗೂ ಏನೂ ಆಗಲಿಲ್ಲ. ದಕ್ಕೆಯ ಮೇಲ್ವಿಚಾರಕ ಓಡಿ ಬಂದ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ನಾವೆಲ್ಲ ಅವನನ್ನು ಸೀಟಿ ಎಂದೇ ಕರೆಯುವುದು. ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಮೇಸ್ತ್ರಿ ಅಂದ್ರೆ ನನಗೂ ಗೌರವ ಇದೆ. ಆದ್ರೆ ಇನ್ನೊಂದೇ ಒಂದು ಸಲ ಹೀಗಾದ್ರೆ ಅವರನ್ನ ಇಳಿಜಾರಿಗೆ ಬಿಡಲ್ಲ. ನನ್ನ ತಲೆ ಹೋಗುತ್ತೆ," ಎಂದ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ ಎಂದು ಗೊತ್ತಿದ್ದೇ ಬೈದೆ.

ಇವತ್ತು ಏರಿಸಬೇಕಾಗಿದ್ದದ್ದು ಹಲ್ಲಿನ ಡಾಕ್ಟರಮ್ಮನ ದೋಣಿ. ಅಗಲ ತಳದ, ಫೈಬರಿನ ದೋಣಿ. ಹಿಂದೆ ಎಮ್ಮೆಯಂಥ ಇಂಜಿನ್. ಪಟ್ಟಿಗಳ ಅಂತರ ನಾಲ್ಕು ಗೇಣು. ಇದು ನನಗೂ ಬಾಯಿಪಾಠ. ಬೆಳಿಗ್ಗೆ ನಾನು ವಿಂಚಿಗೆ ಗ್ರೀಸ್ ಹಚ್ಚುತ್ತಿದ್ದಾಗ ಇವರು ಟ್ರೇಲರಿನ ಕೆಳಗೆ ಕೂತು ಬೋಲ್ಟ್ ಸಡಿಲಿಸುತ್ತಿದ್ದರು, ಗುನುಗುತ್ತಲೂ ಇದ್ದರು. ಎಷ್ಟು ತಿಂಗಳಾಗಿತ್ತು ಅವರು ಗುನುಗಿ! ಆ ಖುಷಿಯಲ್ಲಿ ನಾನು ಎದ್ದು ಹೋಗಿ ನೋಡಲಿಲ್ಲ. ತಪ್ಪು ನನ್ನದೇ.

ಇಳಿಜಾರಿಗೆ ಬಂದು, ಟ್ರೇಲರಿನ ಗಾಲಿ ನೀರು ಮುಟ್ಟುವವರೆಗೆ ಹಿಂದಕ್ಕೆ ಬಿಟ್ಟು, ಕಾರ್ಪೆಟ್ ಒದ್ದೆ ಮಾಡೋಣವೆಂದು ಮಗ್ಗು ಹಿಡಿದು ಇಳಿದೆ. ನೋಡುತ್ತೇನೆ, ಎರಡು ಪಟ್ಟಿಗಳೂ ನಡುವಿಗೆ ಬಂದು ಅಕ್ಕಪಕ್ಕ ಕೂತಿವೆ. ಗೇಣು ಹಾಕಿ ನೋಡಿದೆ. ಎರಡು ಗೇಣು, ನಾಲ್ಕು ಬೆರಳು.

ಆ ಅಳತೆಯ ದೋಣಿ ಈ ಸರೋವರದಲ್ಲಿ ಒಂದೇ ಒಂದು ಇತ್ತು. ಉದ್ದಕ್ಕೆ, ಸಪೂರಕ್ಕೆ, ತಳದ ನಡುವೆ ಚೂಪು ಅಂಚು ಎದ್ದಿದ್ದ ಹಾಯಿದೋಣಿ. ನಮ್ಮ ಮಗಳದ್ದು. ಸರಿಯಾಗಿ ನಡೆಯಲು ಬರುವ ಮುಂಚೆಯೇ ನೀರಿಗೆ ಬಿದ್ದು ಈಜಿದವಳು ಎಂದು ಅವಳಿಗೆ ಬಾತು ಎಂದು ಹೆಸರಿಟ್ಟವರು ಇವರೇ. ಅವಳು ನೀರಿಗೆ ಹೋಗಿ ಒಂಬತ್ತು ವರ್ಷವಾಯಿತು. ಗಾಳಿಗೆ ದೋಣಿ ಮಗುಚಿತ್ತು. ದೋಣಿ ಅದೇ ಸಂಜೆ ಸಿಕ್ಕಿತು, ಅವಳು ಎರಡು ದಿನ ಬಿಟ್ಟು ಸಿಕ್ಕಳು. ಇಪ್ಪತ್ತಾರು ತುಂಬಿರಲಿಲ್ಲ. ದೋಣಿಯನ್ನು ಇವರೇ ಗರಗಸ ಹಿಡಿದು ತುಂಡು ತುಂಡು ಮಾಡಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದೆ.

"ರೀ, ಇದೇನು ಮಾಡಿಟ್ಟಿದ್ದೀರಿ?" ಎಂದೆ, ದನಿ ಆದಷ್ಟು ತಗ್ಗಿಸಿ.

"ಯಾಕೆ, ಸರಿಯಾಗೇ ಇದೆಯಲ್ಲ?" ಎಂದರು. ಮುಖ ಅರಳಿತ್ತು. "ಬಾತು ಬರೋ ಹೊತ್ತಾಯ್ತು. ಬಂದ ತಕ್ಷಣ ಎತ್ಕೊಂಡುಬಿಡೋಣ. ಗಾಳಿ ಏಳೋ ಹಾಗಿದೆ."

ಅತ್ತ ಡಾಕ್ಟರಮ್ಮ ದೋಣಿಯ ಇಂಜಿನ್ ಚಾಲೂ ಮಾಡಿ ಇತ್ತ ತಿರುಗಿಸಿಯಾಗಿತ್ತು. ಬಂದು ಮುಟ್ಟಲು ಹತ್ತು ನಿಮಿಷ ಸಾಕು. ಮೇಲೆ ಕಟ್ಟೆಯ ಮೇಲೆ ಸೀಟಿ ಕೈಕಟ್ಟಿಕೊಂಡು ನಮ್ಮನ್ನೇ ನೋಡುತ್ತ ನಿಂತಿದ್ದ. ಈ ಪಟ್ಟಿಗಳ ಮೇಲೆ ಆ ದೋಣಿ ಕೂತರೆ ತಳ ಉಳಿಯುವುದಿಲ್ಲ. ತಳ ಹೋದರೆ ಇವರ ಕೆಲಸ ಹೋಯಿತು. ಕೆಲಸ ಹೋದರೆ ಇವರೂ ಹೋದಂತೆಯೇ.

ನಾನು ಸ್ಪ್ಯಾನರ್ ತೆಗೆದುಕೊಂಡು ಬೋಲ್ಟಿಗೆ ಹಾಕಿದೆ. ಇವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಮದುವೆಯಾದ ಮೇಲೆ ಒಂದು ದಿನವೂ ನನ್ನ ಮೇಲೆ ದನಿ ಎತ್ತದವರು ಈಗ ಕೂಗಿದರು.

"ಮುಟ್ಟಬೇಡ! ಬೇರೆಯವರದ್ದು ಆಮೇಲೆ ನೋಡೋಣ. ಇದು ನನ್ನ ಮಗಳ ದೋಣಿಗೆ ಇಟ್ಟಿರೋದು."

"ಮೇಸ್ತ್ರಿ, ಏನಾದ್ರೂ ತೊಂದರೆನಾ?" ಎಂದು ಸೀಟಿ ಮೇಲಿನಿಂದ ಕೂಗಿದ.

"ನಿನ್ನ ಕೆಲಸ ನೀನು ನೋಡ್ಕೊಳಪ್ಪಾ!" ಎಂದು ನಾನು ತಿರುಗಿ ಕೂಗಿದೆ.

ಅವಳು ಇಲ್ಲ ರೀ, ಸತ್ತು ಒಂಬತ್ತು ವರ್ಷ ಆಯ್ತು ಎಂದು ಹೇಳಿಬಿಡಬಹುದಿತ್ತು. ಅದನ್ನು ಒಂದು ಸಲ ಹೇಳಿ ನೋಡಿದ್ದೆ, ಕಳೆದ ವರ್ಷ. ಅಂದೇ ಸುದ್ದಿ ಕೇಳಿದವರ ಹಾಗೆ ನೆಲಕ್ಕೆ ಕುಸಿದಿದ್ದರು. ಮಾರನೆಯ ದಿನ ಮರೆತಿದ್ದರು, ನಾನು ಮರೆಯಲಿಲ್ಲ. ಒಬ್ಬ ಅಪ್ಪನಿಗೆ ಆ ಸುದ್ದಿ ಎಷ್ಟು ಸಲ ಅಂತ ಹೇಳುವುದು? ಹೇಳುವ ನಾಲಿಗೆಗಾದರೂ ಬೇಡವೇ ಶಕ್ತಿ?

ಇಂಜಿನ್ನಿನ ಸದ್ದು ಹತ್ತಿರವಾಯಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಬಾತು ಫೋನ್ ಮಾಡಿದ್ಲು ರೀ. ಬರೋದು ತಡ ಆಗುತ್ತಂತೆ. ಅಲ್ಲೀವರೆಗೆ ಇವರದ್ದು ಎತ್ತಿಬಿಡಿ ಅಂದ್ಲು."

ಹೇಳಿದ ಮೇಲೆ ನನ್ನ ಕಿವಿಗೆ ನನ್ನ ಮಾತು ಕೇಳಿಸಿತು. ಆ ಮಾತನ್ನು ನಾನು ಮೊದಲ ಸಲ ಹೇಳುತ್ತಿರಲಿಲ್ಲ.

"ಹೌದಾ? ಮೊದಲೇ ಹೇಳಬಾರದಾ ಇವಳೇ," ಎಂದು ಇವರು ನನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ಆಮೇಲಿನದ್ದನ್ನು ನೋಡಬೇಕಿತ್ತು ನೀವು. ನಾಲ್ಕು ಬೋಲ್ಟ್ ಸಡಿಲಿಸಿ ಪಟ್ಟಿಗಳನ್ನು ಹೊರಕ್ಕೆ ಸರಿಸಿದರು. ಗೇಣು ಹಾಕಿದರು, ಒಂದು, ಎರಡು, ಮೂರು, ನಾಲ್ಕು. ಯಾರ ದೋಣಿ ಎಂದು ಕೇಳಲೂ ಇಲ್ಲ, ತಲೆ ಎತ್ತಿ ನೀರಿನ ಕಡೆ ಒಂದು ಸಲ ನೋಡಿದ್ದು ಅಷ್ಟೆ. ದೋಣಿಯ ಹಿಂಭಾಗ ಪಟ್ಟಿಯ ತುದಿ ದಾಟಿ ನೇತಾಡದಂತೆ ವಿಂಚಿನ ಕಂಬವನ್ನು ಒಂದು ಗೇಣು ಮುಂದಕ್ಕೆ ತಳ್ಳಿ ಬಿಗಿದರು. ಕೊನೆಗೆ ಕಾರ್ಪೆಟ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ಅಂಗೈ ಎಳೆದು, ಎಲ್ಲಾದರೂ ಮೊಳೆಯ ತಲೆ ಎದ್ದಿದೆಯೇ ಎಂದು ನೋಡಿದರು. ಒಂದು ಕಡೆ ಎದ್ದಿತ್ತು. ಅದನ್ನೂ ಸುತ್ತಿಗೆಯಿಂದ ಕೂರಿಸಿದರು.

ಡಾಕ್ಟರಮ್ಮನ ದೋಣಿ ಬಂತು. ನಾನು ವಿಂಚ್ ತಿರುಗಿಸಿದೆ. ಇವರು ಸೊಂಟಮಟ್ಟ ನೀರಲ್ಲಿ ನಿಂತು ದೋಣಿಯ ಪಕ್ಕಕ್ಕೆ ಅಂಗೈ ಇಟ್ಟು, "ಬರಲಿ, ಬರಲಿ, ನಿಧಾನ," ಎನ್ನುತ್ತ ಬಂದರು. ದೋಣಿ ಪಟ್ಟಿಗಳ ಮೇಲೆ ಕೂತಿತು, ಸದ್ದೇ ಇಲ್ಲ. ನೀರಿನಿಂದ ಮೇಲೆಳೆದ ಮೇಲೆ ಸೀಟಿ ಇಳಿದು ಬಂದು ಬಗ್ಗಿ ತಳ ನೋಡಿದ. ಒಂದು ಗೀರೂ ಇರಲಿಲ್ಲ. "ಮೇಸ್ತ್ರಿ ಅಂದ್ರೆ ಮೇಸ್ತ್ರಿನೇ," ಎಂದು ಇವರ ಬೆನ್ನು ತಟ್ಟಿ ಹೋದ. ನಾನು ಗಾಡಿ ಹತ್ತಿ ಶೆಡ್ಡಿನ ಕಡೆ ಓಡಿಸಿದೆ.

ಶೆಡ್ಡಿನಲ್ಲಿ ದೋಣಿಯನ್ನು ಸ್ಟ್ಯಾಂಡಿನ ಮೇಲೆ ಇಳಿಸಿದೆವು. ಇಳಿಸಿದ್ದೇ ತಡ, ಇವರು ಮತ್ತೆ ಟ್ರೇಲರಿನ ಕೆಳಗೆ ಕೂತು ಪಟ್ಟಿಗಳನ್ನು ನಡುವಿಗೆ ತಂದರು. ಎರಡು ಗೇಣು, ನಾಲ್ಕು ಬೆರಳು. "ನಡಿ, ಹೋಗೋಣ. ಅವಳು ಬಂದು ನಿಂತಿರ್ತಾಳೆ," ಎಂದರು.

ಊಟ ಮಾಡಿಸಿ ಮಲಗಿಸಿದ್ದರೆ, ಎದ್ದ ಮೇಲೆ ಅವರಿಗೆ ಇದು ಯಾವುದೂ ನೆನಪಿರುತ್ತಿರಲಿಲ್ಲ. ಆದರೆ ಊಟ ಮಾಡಿಸಿ ಮಲಗಿಸುವುದನ್ನು ನಾನು ಒಂದು ಸಲ ಮಾಡಿದ್ದೆ.

ಒಂಬತ್ತು ವರ್ಷದ ಹಿಂದೆ, ದೋಣಿ ಮಗುಚಿದ ದಿನ, ಮೂರು ಗಂಟೆಗೆ ಬಾತು ಫೋನ್ ಮಾಡಿದ್ದಳು. "ಅಮ್ಮಾ, ಗಾಳಿ ಏಳ್ತಾ ಇದೆ, ಅಪ್ಪಂಗೆ ಈಗ್ಲೇ ಟ್ರೇಲರ್ ತರೋಕೆ ಹೇಳು," ಎಂದಳು. ಇವರು ಸೊಂಟ ಹಿಡಿದುಕೊಂಡಿದೆ ಎಂದು ಊಟ ಮಾಡಿ ಆಗಷ್ಟೇ ಮಲಗಿದ್ದರು. ನನಗೆ ರೇಗಿತು. ಮಹಾರಾಣಿ ಕರೆದ ಕೂಡಲೇ ಓಡಿ ಹೋಗಬೇಕಲ್ಲ ಎಂದು ರೇಗಿತು. "ನಾಲ್ಕು ಗಂಟೆಗೆ ಬರ್ತೀವಿ. ಅಷ್ಟರಲ್ಲಿ ಇನ್ನೊಂದು ಸುತ್ತು ಹೊಡ್ಕೊಂಡು ಬಾ," ಎಂದು ಫೋನ್ ಇಟ್ಟೆ. ಇವರು ಒಳಗಿನಿಂದ ಯಾರದು ಎಂದು ಕೇಳಿದರು. "ಬಾತು ಫೋನ್ ಮಾಡಿದ್ಲು, ಬರೋದು ತಡ ಆಗುತ್ತಂತೆ," ಎಂದೆ. ಅವಳು ಇನ್ನೊಂದು ಸುತ್ತು ಹೋದಳು. ನಾಲ್ಕು ಗಂಟೆಗೆ ಇವರು ಟ್ರೇಲರ್ ನೀರಿಗೆ ಬಿಟ್ಟು, ಕತ್ತಲಾಗುವವರೆಗೆ ನಿಂತೇ ಇದ್ದರು.

ಇದನ್ನು ನಾನು ಯಾರಿಗೂ ಹೇಳಿಲ್ಲ. ಮರೆವು ಬರುವವರೆಗೆ ಏಳು ವರ್ಷ ಇವರು, "ಇನ್ನೊಂದು ಗಂಟೆ ಮುಂಚೆ ಬರಬಾರದಿತ್ತಾ ಮಗು," ಎಂದು ಅವಳನ್ನೇ ಕೇಳುತ್ತ ಅತ್ತರು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ದೊಡ್ಡ ಬಾಯಿಯವಳು ನಾನು, ಅದೊಂದಕ್ಕೆ ಮಾತ್ರ ಬಾಯಿ ಬಿಡಲಿಲ್ಲ.

ಗಾಡಿ ತೆಗೆದೆ. ಇಳಿಜಾರಿನಲ್ಲಿ ಯಾರೂ ಇರಲಿಲ್ಲ. ಸೀಟಿಯೂ ಊಟಕ್ಕೆ ಹೋಗಿದ್ದ. ಟ್ರೇಲರನ್ನು ನೀರಿಗೆ ಬಿಟ್ಟು, ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಇವರು ಹಣೆಗೆ ಕೈ ಅಡ್ಡ ಹಿಡಿದು ನೀರನ್ನೇ ನೋಡುತ್ತಿದ್ದರು.

"ಫೋನಲ್ಲಿ ಏನಂದ್ಲು?" ಎಂದು ಕೇಳಿದರು.

ಈ ಸಲ ನಿಜ ಹೇಳಿದೆ. "ಈಗ್ಲೇ ಬನ್ನಿ ಅಂದ್ಲು ರೀ. ಗಾಳಿ ಎದ್ದಿದೆ, ಈಗ್ಲೇ ಟ್ರೇಲರ್ ತನ್ನಿ ಅಂದ್ಲು. ನಾನೇ ನಾಲ್ಕು ಗಂಟೆಗೆ ಬರ್ತೀವಿ ಅಂದೆ. ಇನ್ನೊಂದು ಸುತ್ತು ಹೋಗು ಅಂದವಳು ನಾನೇ. ನಿಮಗೆ ಸುಳ್ಳು ಹೇಳಿದೆ."

ಇವರು ನನ್ನ ಕಡೆ ತಿರುಗಿದರು. ಎಲ್ಲ ಅರ್ಥವಾಯಿತು ಎಂದುಕೊಂಡೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ.

"ಅದಕ್ಕೆ ಯಾಕೆ ಅಳ್ತೀಯಾ?" ಎಂದರು. ಅಂಗಿಯ ತೋಳಿನಿಂದ ನನ್ನ ಕೆನ್ನೆ ಒರೆಸಿದರು. ತೋಳಿಗೆ ಗ್ರೀಸ್ ಹತ್ತಿತ್ತು. "ನಾಲ್ಕು ಗಂಟೆ ಇನ್ನೂ ಆಗಿಲ್ವಲ್ಲ ಇವಳೇ. ನಾವು ಬೇಗ್ಲೇ ಬಂದಿದ್ದೀವಿ."

ಒಂಬತ್ತು ವರ್ಷ ಕಾದದ್ದು ನಾನು ಈ ಒಂದು ಮಾತಿಗೆ. ಕೊಟ್ಟವರಿಗೆ ಏನು ಕೊಟ್ಟೆ ಎಂದು ಗೊತ್ತಿಲ್ಲ. ನಾಳೆ ನೆನಪೂ ಇರುವುದಿಲ್ಲ. ನಾನು ಜೋರಾಗಿಯೇ ಅತ್ತೆ.

ಇವರು ಎದ್ದು, ಮಗ್ಗಿನಲ್ಲಿ ನೀರು ತುಂಬಿ ಒಂದು ಪಟ್ಟಿಯ ಮೇಲೆ ಹೊಯ್ದರು. "ಒಣಗಿದ್ರೆ ತಳ ಉಜ್ಜುತ್ತೆ," ಎಂದು ಮಗ್ಗನ್ನು ನನ್ನ ಕೈಗೆ ಕೊಟ್ಟರು. ನಾನು ನೀರಿಗಿಳಿದು ಇನ್ನೊಂದು ಪಟ್ಟಿಯನ್ನು ಒದ್ದೆ ಮಾಡಿದೆ.