ಪರದೆಯ ಮೇಲಿನ ಹಸಿರು

"ಎಲ್ಲಾ ಹಸಿರೇ ಇದೆಯಲ್ಲಮ್ಮ, ಮತ್ತೇನು ರಗಳೆ?" ಎಂದರು ಮ್ಯಾನೇಜರು.

ಗೋಡೆಯ ದೊಡ್ಡ ಪರದೆಯಲ್ಲಿ ಆಸ್ಪತ್ರೆಯ ಸರ್ವರುಗಳ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಕೆಳಗೆ ಲ್ಯಾಬಿನವರು ಮಾತ್ರ ರಿಪೋರ್ಟು ತೆರೆಯುತ್ತಿಲ್ಲವೆಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಸರ್ವರುಗಳನ್ನು ನೋಡಿಕೊಳ್ಳುವ ಅವಳು ಕುರ್ಚಿಯಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಆಗ ಕಣ್ಣಿಗೆ ಬಿತ್ತು: ಪರದೆಯ ಮೂಲೆಯ ಗಡಿಯಾರ, ಬೆಳಿಗ್ಗೆ ದಾಖಲೆಗಳನ್ನೆಲ್ಲ ನಕಲು ಮಾಡುವ ಬ್ಯಾಕಪ್ ಶುರುವಾದ ಹೊತ್ತಿಗೇ ನಿಂತುಹೋಗಿದೆ. ಇಷ್ಟು ಹೊತ್ತು ಎಲ್ಲರೂ ನೋಡಿ ಸಮಾಧಾನಪಟ್ಟಿದ್ದು ಬೆಳಗಿನ ಹಸಿರನ್ನು.

ಮೇಜಿನ ಮೇಲೆ ಮೊಬೈಲು ಗುಂಯ್ ಎಂದಿತು. ಅಕ್ಕನ ಮೆಸೇಜು: 'ಅಮ್ಮ ಆರಾಮ. ಯೋಚನೆ ಮಾಡಬೇಡ.' ಅಮ್ಮ ಹಾಸಿಗೆ ಹಿಡಿದು ಅಕ್ಕನ ಮನೆ ಸೇರಿದಾಗಿನಿಂದ ದಿನವೂ ಇದೊಂದು ಸಾಲು ಬರುತ್ತಿತ್ತು. ಓದಿ ನಿರಾಳವಾಗುವುದು, ಈ ವಾರವೂ ಹೋಗಲಾಗಲಿಲ್ಲವೆಂದು ಒಳಗೊಳಗೇ ಚಡಪಡಿಸುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

"ದೀಪ ತೋರ್ಸೋ ಟೂಲೇ ಸತ್ತಿರ್ಬೇಕು, ರೀಸ್ಟಾರ್ಟ್ ಮಾಡು," ಎಂದ ಪಕ್ಕದ ಸೀಟಿನವನು. ದಪ್ಪ ಕನ್ನಡಕದ ಅವನನ್ನು ಆಫೀಸೆಲ್ಲ ಸೋಡಾಬುಡ್ಡಿ ಎನ್ನುತ್ತಿತ್ತು.

ಮಾಡಿ ಆಗಿತ್ತು. ಅದೇ ಹಳೆಯ ಚಿತ್ರ ಹೊತ್ತುಕೊಂಡು ಎದ್ದು, ಮತ್ತಲ್ಲೇ ನಿಲ್ಲುತ್ತಿತ್ತು. ಅವಳು ಉಗುರು ಕಚ್ಚುತ್ತ ಒಂದೊಂದೇ ಸೆಟ್ಟಿಂಗ್ ತೆರೆದು ನೋಡಿದಳು.

"ಸತ್ತಿಲ್ಲ ಕಣೋ, ಕಾಯ್ತಾ ಇದೆ. ಕಂಡಿದ್ದನ್ನೆಲ್ಲ ಮೊದಲು ತನ್ನ ಫೈಲಲ್ಲಿ ಬರ್ಕೊಂಡು ಆಮೇಲೆ ತಾನೆ ತೋರ್ಸೋದು? ಆ ಫೈಲ್ ಇರೋದೂ ರಿಪೋರ್ಟ್ ಇರೋ ಡಿಸ್ಕಲ್ಲೇ. ಬ್ಯಾಕಪ್ ಅದನ್ನ ಬಿಡ್ತಾನೇ ಇಲ್ಲ."

"ಅಂದ್ರೆ, ಕಾವಲು ಕಾಯೋದೂ ಅದನ್ನೇ, ಬರೆಯೋದೂ ಅದ್ರ ಮೇಲೇನೆ. ಚೆನ್ನಾಗಿದೆ ಸಂಸಾರ."

ಫೈಲನ್ನು ಬೇರೆ ಡಿಸ್ಕಿಗೆ ಹಾಕಿದಳು. ಗಡಿಯಾರ ಓಡಿತು. ಹಿಂದೆಯೇ ಅರ್ಧ ಪರದೆ ಕೆಂಪಾಯಿತು.

"ಏನಮ್ಮ, ಇದ್ದಿದ್ದೂ ಕೆಡಿಸಿದೆಯಲ್ಲ," ಎಂದರು ಮ್ಯಾನೇಜರು.

"ಮೊದಲಿಂದ್ಲೂ ಕೆಂಪೇ ಇತ್ತು ಸರ್. ಹೇಳೋಕೆ ಅದಕ್ಕೆ ಪುರುಸೊತ್ತಿರಲಿಲ್ಲ."

ಬ್ಯಾಕಪ್ಪನ್ನು ತಡೆದ ಮೇಲೆ ಲ್ಯಾಬಿನ ಫೋನು ಸುಮ್ಮನಾಯಿತು. ದೀಪಗಳು ಒಂದೊಂದಾಗಿ ಹಸಿರಿಗೆ ಮರಳಿದವು. ಅವಳಿಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮೊಬೈಲು ತೆಗೆದು ಅಕ್ಕನ ಮೆಸೇಜುಗಳನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಸರಿಸಿದಳು. ಎಲ್ಲೂ ಒಂದಕ್ಷರವೂ ಬದಲಾಗಿರಲಿಲ್ಲ. ಕಾರಿಡಾರಿಗೆ ಬಂದು ಫೋನು ಮಾಡಿದಳು.

"ಅಮ್ಮ ಆರಾಮಾಗಿದಾಳೆ ಕಣೇ. ಮೆಸೇಜ್ ಮಾಡಿದ್ನಲ್ಲ," ಎಂದಳು ಅಕ್ಕ.

"ಅಮ್ಮನ ವಿಷಯ ಅಲ್ಲಕ್ಕ. ನೀನು ಹೇಗಿದೀಯ?"

ಆ ಕಡೆ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಬಕೆಟ್ಟು ತುಂಬಿತು, ನೀರು ನೆಲಕ್ಕೆ ಚೆಲ್ಲತೊಡಗಿತು. ಅಕ್ಕ ನಲ್ಲಿ ನಿಲ್ಲಿಸಲಿಲ್ಲ.

ಅವಳು ಫೋನನ್ನು ಕಿವಿಯಿಂದ ತೆಗೆಯದೆಯೇ ಒಳಗೆ ಹೋಗಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.