ಅವ್ವ ಮುಂದಿನ ಸಾಲಿನಲ್ಲಿ

ವೇದಿಕೆಯ ಹಲಗೆ ನಡುಗಿತು, ಬರಿಗಾಲಿಗೆ ತಿಳಿಯಿತು, ನಕ್ಕರು ಅಂತ ಕಾಣುತ್ತೆ, ಇಲ್ಲ, ಹೊರಗೆ ತೆಂಗಿನಕಾಯಿ ಲಾರಿ ಹೋಗಿರಬೇಕು, ಹೊಳೆನರಸೀಪುರದ ಈ ಮಂಟಪ ರಸ್ತೆಗೇ ಅಂಟಿಕೊಂಡಿದೆ, ಜನ ಕಾಲು ಬಡಿದು ನಕ್ಕರೂ ಹಲಗೆ ನಡುಗುತ್ತದೆ, ಲಾರಿ ಹೋದರೂ ನಡುಗುತ್ತದೆ, ಕಾಲನ್ನು ನಂಬಬಾರದು, ಪ್ರೇಮಕುಮಾರಿಯ ಕೈಯನ್ನು ನಂಬಬೇಕು — ನನ್ನ ಹೆಂಡತಿ, ಯಾವ ಊರಿನ ಹಾಸ್ಯ ಸಂಜೆಯಾದರೂ ಅವಳಿಗೆ ಮುಂದಿನ ಸಾಲಿನ ನಡುವಿನ ಕುರ್ಚಿ, ಕೈಯಲ್ಲಿ ಬಿಳಿ ಕರ್ಚೀಫು, ಅದು ತೊಡೆಯ ಮೇಲಿದ್ದರೆ ಜನ ಇನ್ನೂ ನಗುತ್ತಿದ್ದಾರೆ, ಸುಮ್ಮನಿರಿ, ಕುತ್ತಿಗೆಗೆ ಬಂದರೆ ನಗು ಮುಗಿಯಿತು, ಮುಂದಿನದು ಹೇಳಿ, ಇವತ್ತು ಆ ಕೈಯೇ ಕಾಣುತ್ತಿಲ್ಲ, ಪಕ್ಕದಲ್ಲಿ ಕೂತ ಅವ್ವ ಅದನ್ನು ತನ್ನ ಎರಡೂ ಕೈಯೊಳಗೆ ಅದುಮಿಕೊಂಡಿದ್ದಾಳೆ, ಕರ್ಚೀಫು ಒಳಗೆಲ್ಲೋ ಮುದ್ದೆಯಾಗಿದೆ, ಏನು ಮಾಡಲಿ ಅಂತ ಪ್ರೇಮ ಹುಬ್ಬಿನಲ್ಲೇ ಕೇಳುತ್ತಾಳೆ, ಬೇಡ, ಬಿಡಿಸಿಕೊಳ್ಳಬೇಡ ಮಾರಾಯ್ತಿ, ಅವ್ವ ಮಲ್ಲಿಪಟ್ಟಣದಿಂದ ಬಸ್ಸು ಹತ್ತಿ ಇಲ್ಲಿತನಕ ಬಂದದ್ದೇ ಹೆಚ್ಚು. ಇಷ್ಟು ವರ್ಷ ಕರೆದೆ, ಬರಲಿಲ್ಲ, ನಿನ್ನ ನೋಡಿ ನಗೋರ ಮುಂದೆ ನೀನೇ ಓಗಿ ನಿಂತ್ಕತೀಯೇನ್ಲಾ ಕೆಂಪಣ್ಣ, ನಾ ಬಂದ್ರೆ ರಟ್ಟೆ ಇಡ್ಕಂಡು ಕೆಳಕ್ಕೆ ಎಳ್ಕಂಡು ಬತ್ತೀನಿ ಕಣ, ಅನ್ನುತ್ತಿದ್ದಳು, ಅವಳ ಮಾತಿನಲ್ಲೂ ನ್ಯಾಯವಿದೆ, ಒಂಬತ್ತನೇ ವಯಸ್ಸಿಗೆ ಜ್ವರ ಬಂದು ಕಿವಿ ಹೋದ ಮೇಲೆ ಹುಡುಗರು ಬೆನ್ನ ಹಿಂದೆ ನಿಂತು ಕೂಗುವುದು, ನಾನು ತಿರುಗದಿದ್ದರೆ ನಗುವುದು, ನನಗೆ ಗೊತ್ತಾಗುತ್ತಿದ್ದದ್ದು ಅವ್ವ ಪೊರಕೆ ಹಿಡಿದು ನನ್ನ ದಾಟಿಕೊಂಡು ಓಡಿದಾಗಲೇ, ಆ ನಗು ನಾನು ಕೇಳಲಿಲ್ಲ, ಅವಳು ಕೇಳಿದಳು, ನನ್ನ ಪಾಲಿನದನ್ನೂ ಸೇರಿಸಿ.

ಚನ್ನರಾಯಪಟ್ಟಣದ ಅಕ್ಕಿ ಗಿರಣಿಗೆ ಸೇರಿದ್ದೇ ನನ್ನ ಪುಣ್ಯ, ಆ ಸದ್ದಿನಲ್ಲಿ ಎಲ್ಲರೂ ಕಿವುಡರೇ, ತುಟಿ ನೋಡಿ, ಕೈ ನೋಡಿ ಮಾತು ತಿಳಿಯಬೇಕು, ನನಗೆ ಮೊದಲೇ ಅಭ್ಯಾಸ, ಮಾಲೀಕರು ಮೂಟೆ ಎಣಿಸುವ ಹಾಗೆ, ಗಿರಾಕಿ ತೂಕ ನೋಡಿ ಮುಖ ಹುಳ್ಳಗೆ ಮಾಡುವ ಹಾಗೆ ಮಾಡಿ ತೋರಿಸುತ್ತಿದ್ದೆ, ಹಮಾಲರು ಮೂಟೆ ಇಳಿಸಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು, ಅದನ್ನು ನೋಡಿದ ಮೇಷ್ಟ್ರು ಮುರಳೀಕೃಷ್ಣ, ಹಾಸ್ಯ ಸಂಜೆ ನಡೆಸುವವರು, ತೊಂಬತ್ತೈದರಲ್ಲಿ ಅರಕಲಗೂಡಿಗೆ ಕರೆದೊಯ್ದು ಮೈಕಿನ ಮುಂದೆ ನಿಲ್ಲಿಸಿದರು, ನಾನು ರೈಲಿನ ಹಾಗೆ ಒಂದೇ ಸಮನೆ ಹೇಳಿದೆ, ಜನ ನಗುವಾಗಲೂ ಹೇಳಿದೆ, ಇಳಿದು ಬಂದರೆ ಮೇಷ್ಟ್ರು ತಲೆ ಚಚ್ಚಿಕೊಂಡರು, ನಗೋಕೆ ಬಿಡಪ್ಪ, ಒಂದು ತುತ್ತು ನುಂಗೋ ಮುಂಚೆ ಇನ್ನೊಂದು ತುರುಕ್ತೀಯಲ್ಲ, ಅದಕ್ಕೇ ಪ್ರೇಮ ಕರ್ಚೀಫು ಹಿಡಿದದ್ದು, ಆದರೆ ಅವ್ವನಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ, ಅವಳಿಗೆ ಕಾಣುವುದು ಒಬ್ಬ ಕಿವುಡ ಮಗ, ಎದುರಿಗೆ ಹಲ್ಲು ಕಿರಿಯುವ ಊರು. ಹೇಳು, ಏನಾದರೂ ಹೇಳು, ನಿಂತುಬಿಟ್ಟಿದ್ದೀಯ — ನಮ್ಮ ಸಂಸಾರ ನೆಟ್ಟಗೆ ನಡೀತಿರೋದು ಕರೆಂಟ್ ಆಫೀಸಿನವ್ರಿಂದ ಸಾ, ನನ್ನೆಂಡ್ರು ಬೈಯೋಕೆ ಶುರು ಮಾಡ್ತಾಳೆ, ಕರೆಂಟ್ ಓಯ್ತದೆ, ತುಟಿ ಕಾಣಕಿಲ್ಲ, ಜಗಳ ಮುಗೀತು, ಕರೆಂಟ್ ಬರೋ ಒತ್ಗೆ ಅವಳಿಗೇ ಸುಸ್ತು — ಮೂರನೇ ಸಾಲಿನ ದಪ್ಪ ಗೃಹಸ್ಥರ ಹೊಟ್ಟೆ ಕುಣಿಯಿತು, ಸರಿ, ಹಿಂದಿನ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದರು, ಸರಿ, ಅವ್ವ ಮಾತ್ರ ನನ್ನನ್ನು ನೋಡುತ್ತಿಲ್ಲ, ತಿರುಗಿ ತಿರುಗಿ ಜನರನ್ನು ನೋಡುತ್ತಿದ್ದಾಳೆ, ಯಾರು ನಕ್ಕರು ಅಂತ ಗುರುತು ಇಟ್ಟುಕೊಳ್ಳುವವಳ ಹಾಗೆ, ಇವಳು ಎದ್ದರೆ ಮುಗಿಯಿತು, ಇವತ್ತು ಇವಳು ನಗದೆ ಹೋದರೆ ಇನ್ನು ಬರುವವಳಲ್ಲ, ಅವಳ ನಗುವಿನ ಸದ್ದು ಹೇಗಿತ್ತು ಅನ್ನುವುದೇ ನನಗೆ ಮಸುಕಾಗುತ್ತಿದೆ, ಆಕಳು ಕೂಗುವ ಸದ್ದು ನೆನಪಿನಿಂದ ಹೋಯಿತು, ಹೊಳೆಯ ಸದ್ದು ಹೋಯಿತು, ಅದೊಂದು ಅಲ್ಪಸ್ವಲ್ಪ ಉಳಿದಿತ್ತು.

ಅವ್ವ ಎಸೆಯುವ ಕಥೆ ಹೇಳಲೇ, ಎಲ್ಲ ಊರಲ್ಲೂ ಹೇಳಿದ್ದೇನೆ, ಅವಳಿಗೆ ಗೊತ್ತಿಲ್ಲ, ತನ್ನನ್ನೂ ಆಡಿಕೊಂಡ ಅಂದುಕೊಂಡರೆ, ಅಂದುಕೊಳ್ಳಲಿ, ಜನರನ್ನು ನೋಡುವುದು ಬಿಟ್ಟು ನನ್ನನ್ನು ನೋಡಲಿ — ನಂಗೆ ಕಿವಿ ಓದ್ಮೇಲೆ ನಮ್ಮವ್ವ ಕೂಗೋದು ಬಿಟ್ಳು ಸಾ, ಎಸೆಯೋದು ಕಲಿತ್ಲು, ಅಡಿಗೆಮನೆಯಿಂದ್ಲೇ ಗುರಿ, ಬೆನ್ಗೆ ಅವರೆಕಾಯಿ ಬಿದ್ರೆ ಉಣ್ಣಕ್ಕೆ ಬಾ, ಈರುಳ್ಳಿ ಬಿದ್ರೆ ಅಂಗ್ಡಿಗೋಗು, ಸೌಟು ಬಿದ್ರೆ ತಿರುಗಿ ನೋಡಂಗೇ ಇಲ್ಲ, ಓಡೋದೆಯಾ, ಒಂದಿನ ಇಡೀ ತೆಂಗಿನಕಾಯಿ ಬಂತು, ಇದ್ಯಾವ ಮಾತು ಅಂತ ತಿಳೀದೆ ನಿಂತ್ಕಂಡಿದ್ರೆ ಅವ್ವ ಓಡ್ಬಂದು ತಲೆ ಸವರ್ತಾಳೆ, ನಿಂಗಲ್ಲ ಕಣ್ಲಾ ಮಗ, ನಿಮ್ಮಪ್ಪಂಗೆ — ಎಲ್ಲ ಬಾಯಿಗಳೂ ತೆರೆದುಕೊಂಡವು, ದಪ್ಪ ಗೃಹಸ್ಥರು ಕಣ್ಣು ಒರೆಸಿಕೊಂಡರು, ಅವ್ವ, ಅವ್ವ ಸೆರಗು ಎತ್ತಿ ಬಾಯಿಗೆ ಅಡ್ಡ ಹಿಡಿದಳು, ಭುಜ ಅಲುಗುತ್ತಿದೆ, ತಲೆ ತಗ್ಗಿದೆ, ನಮ್ಮ ಕಡೆ ಹೆಂಗಸರು ನಕ್ಕರೂ ಹೀಗೇ, ಅತ್ತರೂ ಹೀಗೇ, ಸದ್ದು ಕೇಳುವವರಿಗೆ ಗೊತ್ತಾಗುತ್ತದೆ, ನನಗೆ ಹೇಗೆ, ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ಡಾಕ್ಟರು ತಲೆ ಅಲ್ಲಾಡಿಸಿ ಹೋದಾಗಲೂ ಹೀಗೇ ಸೆರಗು, ಹೀಗೇ ಭುಜ, ಆವತ್ತು ನಗುತ್ತಿದ್ದಾಳೆ ಅಂದುಕೊಂಡು ನಾನೂ ನಕ್ಕಿದ್ದೆ, ಒಂಬತ್ತು ವರ್ಷದವನು, ಸೆರಗು ತೆಗಿ ಅವ್ವ, ಮುಂದಿನ ಮಾತು ಹೇಳಬೇಕು, ಜನ ಕಾಯುತ್ತಿದ್ದಾರೆ, ಕಾಯಲಿ, ಸೆರಗು ತೆಗಿ — ಪ್ರೇಮ ಅತ್ತೆಯ ಕಡೆ ಬಗ್ಗಿದಳು, ಏನೋ ಹೇಳಿದಳು, ಸೆರಗು ಜಾರಿತು, ಎಲೆಅಡಿಕೆಯ ಕೆಂಪು ಬಾಯಿ, ಮುಂದಿನ ಹಲ್ಲಿಲ್ಲ, ಅಗಲ ತೆರೆದಿದೆ, ನಗು, ನಗುವೇ, ಮುಚ್ಚಲು ಆಗುತ್ತಿಲ್ಲ ಅವಳಿಗೆ, ಮತ್ತೆ ಸೆರಗು ಎತ್ತುತ್ತಾಳೆ, ಮತ್ತೆ ಜಾರುತ್ತದೆ, ಕೆಂಪು ಬಾಯಿ, ಮುಂದಿನ ಮಾತು ಏನಿತ್ತು, ಯಾವುದೋ ಇತ್ತು, ಮತ್ತೆ ಎತ್ತುತ್ತಾಳೆ, ಜಾರುತ್ತದೆ, ಅವ್ವನ ಕೆಂಪು ಬಾಯಿ